ದೆವ್ವದ ಮನೆಯ ಪ್ರಚಾರಕ್ಕೆ ಫೋಟೊ ಸಾಕೇ, ವಿಡಿಯೊ ಬೇಕೇ?

ದೆವ್ವದ ಮನೆ ನಡೆಸುವವರಿಗೆ ಕತ್ತಲೇ ಬಂಡವಾಳ. ಮೂಲೆಯಲ್ಲಿ ಏನಿದೆ ಎಂದು ತಿಳಿಯದಿದ್ದಾಗಲೇ ಒಳಗೆ ಕಾಲಿಟ್ಟವರ ಎದೆ ಡವಡವ ಹೊಡೆದುಕೊಳ್ಳುವುದು. ಪ್ರಚಾರಕ್ಕೆ ಮಾತ್ರ ಕಣ್ಣಿಗೆ ಕಾಣುವ ಚಿತ್ರ ಬೇಕು. ಈ ಇಕ್ಕಟ್ಟಿಗೆ ಸಿಕ್ಕ ಬಹಳಷ್ಟು ಮಂದಿ ಒಳಗಿನ ದೀಪಗಳನ್ನೆಲ್ಲ ಹೊತ್ತಿಸಿ, ತಮ್ಮಲ್ಲಿರುವ ಅತ್ಯಂತ ಭಯಾನಕ ಬೊಂಬೆಯನ್ನು ನಡುವೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಆಗ ಬಣ್ಣ ಬಳಿದ ಥರ್ಮಾಕೋಲ್, ಗೋಡೆಗೆ ಹೊಡೆದ ಮೊಳೆ, ನೆಲದ ಮೇಲೆ ಎಳೆದ ವೈರು ಎಲ್ಲವೂ ಬಯಲಾಗುತ್ತವೆ. ಟಿಕೆಟ್ ಕೊಳ್ಳಬೇಕಾದವರಿಗೆ ಮನೆಯಲ್ಲಿ ಕುಳಿತಲ್ಲೇ ಗುಟ್ಟು ತಿಳಿದುಹೋಗುತ್ತದೆ.

ಆದ್ದರಿಂದ ಫೋಟೊ, ವಿಡಿಯೊ, ಫ್ಲ್ಯಾಶ್, ಮೊಬೈಲ್ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವ ಮುನ್ನವೂ ನಾನು ಕೇಳುವ ಪ್ರಶ್ನೆ ಒಂದೇ: ಇದು ಒಳಗಿನ ಯಾವ ಗುಟ್ಟನ್ನು ಬಿಟ್ಟುಕೊಡುತ್ತದೆ, ಬದಲಿಗೆ ಏನನ್ನು ತಂದುಕೊಡುತ್ತದೆ? ಖರ್ಚು, ಸಲಕರಣೆ, ತಂತ್ರ ಎಲ್ಲವೂ ಆಮೇಲಿನ ಮಾತು.

ಹೆದರಿಸುವ ಮುಖವೋ, ಹೆದರಿದ ಮುಖವೋ

ಕೆನಡಾದ ನಯಾಗರ ಫಾಲ್ಸ್ ಪಟ್ಟಣದಲ್ಲಿ ನೈಟ್‌ಮೇರ್ಸ್ ಫಿಯರ್ ಫ್ಯಾಕ್ಟರಿ ಎಂಬ ದೆವ್ವದ ಮನೆಯಿದೆ. ಒಳಗೆ ಅಡಗಿಸಿಟ್ಟ ಕ್ಯಾಮೆರಾ ಜನ ಬೆಚ್ಚಿಬೀಳುವ ಗಳಿಗೆಯಲ್ಲಿ ಅವರ ಫೋಟೊ ತೆಗೆಯುತ್ತದೆ. ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಮುಂದಿನವರ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಬಾಯಿ ತೆರೆದು ನಿಂತ ಗುಂಪುಗಳ ಈ ಫೋಟೊಗಳು 2011ರ ಹೊತ್ತಿಗೆ ಅಂತರ್ಜಾಲದಲ್ಲಿ ಲೋಕವನ್ನೆಲ್ಲ ಸುತ್ತಿದವು. ಅವರು ಏನನ್ನು ಕಂಡು ಹಾಗಾದರು ಎಂಬುದು ಫೋಟೊದಲ್ಲಿ ಇರುವುದಿಲ್ಲ. ನೋಡುವವರಿಗೆ ಮೊದಲು ನಗು ಬರುತ್ತದೆ, ಮರುಗಳಿಗೆಯಲ್ಲಿ ‘ಅಲ್ಲಿ ಅಂಥದ್ದೇನಿದೆ?’ ಎಂಬ ಕುತೂಹಲ ಹುಟ್ಟುತ್ತದೆ. ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಒಳಗೇ ಹೋಗಬೇಕು.

ಇಂಥ ಚಿತ್ರದ ಬಲ ಇರುವುದು ಇಲ್ಲಿ. ಅದು ಒಂದು ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಪ್ರತಿ ಗುಂಪೂ ಬೇರೆಯಾದ್ದರಿಂದ ದಿನವೂ ಹೊಸ ಚಿತ್ರ ಸಿಗುತ್ತದೆ. ಫೋಟೊದಲ್ಲಿರುವವರೇ ಅದನ್ನು ತಮ್ಮ ಗೆಳೆಯರಿಗೆ ಕಳುಹಿಸುತ್ತಾರೆ, ಆ ಗೆಳೆಯರೇ ನಿಮ್ಮ ಮುಂದಿನ ಪ್ರೇಕ್ಷಕರು.

ಪಾತ್ರಧಾರಿಗಳ ಚಿತ್ರ, ಅಂದರೆ ಮೇಕಪ್ ಹಚ್ಚಿದ ದೆವ್ವದ ನೇರ ಭಾವಚಿತ್ರ, ಬೇರೆ ಕೆಲಸಕ್ಕೆ ಬರುತ್ತದೆ. ಪ್ರದರ್ಶನ ಇನ್ನೂ ಶುರುವಾಗದಿದ್ದಾಗ, ಪೋಸ್ಟರಿಗೆ, ಪತ್ರಿಕೆಗೆ ಕಳುಹಿಸಲು ಅದು ಬೇಕೇ ಬೇಕು. ಅದರ ದೋಷವೆಂದರೆ ಎಲ್ಲ ದೆವ್ವದ ಮನೆಗಳ ದೆವ್ವಗಳೂ ಪೋಸ್ಟರಿನಲ್ಲಿ ಒಂದೇ ತೆರನಾಗಿ ಕಾಣುತ್ತವೆ. ಬಾಗಿಲ ಬಳಿ ಸಾಲನ್ನು ರಂಜಿಸುವ ಒಂದೆರಡು ಪಾತ್ರಗಳನ್ನು ಮಾತ್ರ ಹೀಗೆ ತೋರಿಸಿ. ಒಳಗಿನ ದೊಡ್ಡ ಬೆದರಿಕೆಯ ಪಾತ್ರವನ್ನು ಯಾವ ಕಾರಣಕ್ಕೂ ಹೊರಗೆ ಬಿಡಬೇಡಿ. ಹೆಸರಾಂತ ಸಿನಿಮಾಗಳ ದೆವ್ವದ ಮುಖವಾಡ ಹಾಕಿಸಿ ಜಾಹೀರಾತು ಮಾಡುವುದಂತೂ ಹಕ್ಕುಸ್ವಾಮ್ಯದ ಮೊಕದ್ದಮೆಯನ್ನು ಕೈಬೀಸಿ ಕರೆದಂತೆ.

ಮೂರನೆಯ ದಾರಿಯೊಂದಿದೆ: ನಟರನ್ನು ಕರೆಸಿ, ಹೆದರಿದಂತೆ ನಟಿಸಲು ಹೇಳಿ ಫೋಟೊ ತೆಗೆಯುವುದು. ಇದನ್ನು ನಾನು ಸಲಹೆ ಮಾಡುವುದಿಲ್ಲ. ನಟಿಸುವವರು ಎರಡೂ ಕೈಗಳನ್ನು ಕೆನ್ನೆಗೆ ತಂದು, ಮುಖವನ್ನು ಕ್ಯಾಮೆರಾ ಕಡೆಗೇ ತಿರುಗಿಸಿ, ಕಣ್ಣರಳಿಸುತ್ತಾರೆ. ನಿಜವಾಗಿ ಹೆದರಿದವರು ಹಾಗೆ ಮಾಡುವುದಿಲ್ಲ. ಒಬ್ಬಳು ಪಕ್ಕದವನ ಭುಜದ ಹಿಂದೆ ಅರ್ಧ ಮುಖ ಹೂತಿರುತ್ತಾಳೆ. ಅವನ ಅಂಗಿಯ ಕೊರಳು ಅವಳ ಹಿಡಿತಕ್ಕೆ ಸಿಕ್ಕಿ ಒಂದು ಪಕ್ಕಕ್ಕೆ ಜಗ್ಗಿರುತ್ತದೆ. ಮುಂದಿದ್ದವನು ಎಲ್ಲರನ್ನೂ ಬಿಟ್ಟು ಹಿಂದಕ್ಕೆ ನುಗ್ಗುತ್ತಿರುತ್ತಾನೆ. ಗುಂಪಿನಲ್ಲಿ ಒಬ್ಬರಾದರೂ ನಗುತ್ತಿರುತ್ತಾರೆ. ಈ ಗೊಂದಲವನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟು ಮಾಡಿಸಲಾರ, ನೋಡುವ ಕಣ್ಣು ವ್ಯತ್ಯಾಸವನ್ನು ಥಟ್ಟನೆ ಹಿಡಿಯುತ್ತದೆ. ಹೊಸದಾಗಿ ತೆರೆಯುತ್ತಿದ್ದು ಪ್ರೇಕ್ಷಕರೇ ಇಲ್ಲದಿದ್ದರೆ, ಉದ್ಘಾಟನೆಗೆ ಮುಂಚೆ ಒಂದು ಸಂಜೆ ಉಚಿತ ಪ್ರವೇಶ ಕೊಟ್ಟು, ಒಪ್ಪಿಗೆ ಪಡೆದು, ನಿಜವಾದ ಜನರನ್ನೇ ಒಳಗೆ ಬಿಡಿ.

ಶಟರ್ ಯಾವಾಗ ಒತ್ತಬೇಕು ಎಂಬುದು ಇಲ್ಲಿನ ಸೂಕ್ಷ್ಮ. 1930ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಕಾರ್ನಿ ಲ್ಯಾಂಡಿಸ್ ಮತ್ತು ವಿಲಿಯಂ ಹಂಟ್ ಪಿಸ್ತೂಲಿನ ಸದ್ದಿಗೆ ಬೆಚ್ಚಿದವರನ್ನು ಅತಿವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದು ನೋಡಿದರು. ಎಲ್ಲಕ್ಕಿಂತ ಮೊದಲು ಕಣ್ಣು ಮುಚ್ಚುತ್ತದೆ. ಬಳಿಕ ತಲೆ ಮುಂದಕ್ಕೆ ಬಾಗಿ, ಭುಜಗಳು ಮೇಲೇರಿ, ಮೊಣಕೈಗಳು ಮಡಚಿಕೊಳ್ಳುತ್ತವೆ. ಕಣ್ಣು ಮುಚ್ಚುವುದು ಸದ್ದಾದ ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೇ ನಡೆದುಹೋಗುತ್ತದೆ. ಆದ್ದರಿಂದ ಬಾಗಿಲು ದಡಾರನೆ ಬಡಿದ ಗಳಿಗೆಯಲ್ಲೇ ಕ್ಯಾಮೆರಾ ಕ್ಲಿಕ್ಕಾಗುವಂತೆ ಸೆನ್ಸರ್ ಜೋಡಿಸಿದರೆ ಸಿಗುವುದು ಕಣ್ಣು ಮುಚ್ಚಿದ, ಕುಗ್ಗಿದ ತಲೆಗಳು. ಸುಮಾರು ಅರ್ಧ ಸೆಕೆಂಡು ತಡಮಾಡಿ, ಅಲ್ಲಿಂದ ಒಂದೆರಡು ಸೆಕೆಂಡು ಸತತವಾಗಿ ಫೋಟೊ ತೆಗೆಯುವಂತೆ ಹೊಂದಿಸಿ. ಕಣ್ಣು ಮತ್ತೆ ತೆರೆದು, ಬಾಯಿಂದ ಕೂಗು ಹೊರಟು, ಕೈಗಳು ಪಕ್ಕದವರನ್ನು ತಬ್ಬಿಕೊಳ್ಳುವುದು ಆ ಅವಧಿಯಲ್ಲಿ.

ಒಪ್ಪಿಗೆಯ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಒಳಗೆ ಕ್ಯಾಮೆರಾ ಇದೆ, ಚಿತ್ರಗಳು ಪ್ರಚಾರಕ್ಕೆ ಬಳಕೆಯಾಗಬಹುದು ಎಂದು ಟಿಕೆಟ್ ಕೊಳ್ಳುವಾಗಲೇ ತಿಳಿಸಿ, ಬಾಗಿಲಲ್ಲಿ ಫಲಕ ಹಾಕಿ, ಬೇಡವೆನ್ನುವವರಿಗೆ ಸುಲಭದ ದಾರಿ ಕೊಡಿ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣೆಯ ಕಾನೂನಿನ ಪ್ರಕಾರ ಗುರುತು ಹಿಡಿಯಬಹುದಾದ ಮುಖವೂ ವೈಯಕ್ತಿಕ ಮಾಹಿತಿಯೇ. ಇತರೆಡೆಯ ನಿಯಮವನ್ನು ಆಯಾ ಊರಿನ ವಕೀಲರಲ್ಲಿ ಕೇಳಿಕೊಳ್ಳಬೇಕು. ಮಕ್ಕಳಿದ್ದರೆ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಬಳಸಬೇಡಿ. ಕಣ್ಣೀರಿಟ್ಟವರ, ಕುಸಿದು ಕುಳಿತವರ ಫೋಟೊವನ್ನು, ಕಾಗದದ ಮೇಲೆ ಒಪ್ಪಿಗೆ ಇದ್ದರೂ, ಅಳಿಸಿಹಾಕಿ. ಅವರು ದುಡ್ಡು ಕೊಟ್ಟು ನಮ್ಮನ್ನು ನಂಬಿ ಕತ್ತಲೊಳಗೆ ಬಂದವರು.

ಫೋಟೊ ಮತ್ತು ವಿಡಿಯೊ

ಫೋಟೊ ಒಂದು ಗಳಿಗೆಯನ್ನು ಹಿಡಿದು ಅದರ ಹಿಂದುಮುಂದನ್ನು ಮುಚ್ಚಿಡುತ್ತದೆ. ಮುಚ್ಚಿಡುವುದೇ ನಮ್ಮ ಕಸುಬಾದ್ದರಿಂದ ಅದು ನಮಗೆ ಅನುಕೂಲ. ವಿಡಿಯೊ ಕಾರಣವನ್ನೂ ಪರಿಣಾಮವನ್ನೂ ಒಂದರ ಹಿಂದೆ ಒಂದಾಗಿ ತೋರಿಸುತ್ತದೆ: ಬಾಗಿಲು ಎಲ್ಲಿತ್ತು, ಯಾವ ಮೂಲೆಯಿಂದ ಏನು ಹಾರಿ ಬಂತು, ಎಷ್ಟು ಹೊತ್ತಿಗೆ. ಒಮ್ಮೆ ಅದನ್ನು ನೋಡಿದವರು ಆ ಕೋಣೆಯೊಳಗೆ ಎಚ್ಚರದಿಂದಲೇ ಬರುತ್ತಾರೆ, ಕಲಾವಿದರ ಶ್ರಮ ನೀರಿನಲ್ಲಿ ಹೋಮವಾಗುತ್ತದೆ.

ಹಾಗೆಂದು ವಿಡಿಯೊ ಬೇಡವೆನ್ನಲಾಗದು, ಏಕೆಂದರೆ ಅದರಲ್ಲಿ ಸದ್ದಿದೆ. ದೂರದಲ್ಲಿ ಎಳೆದ ಸರಪಳಿ, ಕೀಲಿನ ಕಿರುಗುಟ್ಟುವಿಕೆ, ಅದು ನಿಂತ ಮೇಲಿನ ನಿಶ್ಶಬ್ದ ಇವೆಲ್ಲ ಫೋಟೊಗೆ ದಕ್ಕುವುದಿಲ್ಲ. ಹಾಗಾಗಿ ಟ್ರೇಲರ್ ಮಾಡುವಾಗ ಕೋಣೆಗಳ ದೃಶ್ಯಕ್ಕಿಂತ ಸದ್ದಿಗೆ ಹೆಚ್ಚು ಹಣ ಹಾಕಿ. ಕ್ಯಾಮೆರಾದಲ್ಲೇ ಇರುವ ಮೈಕ್ ಬದಲು ಪ್ರತ್ಯೇಕ ರೆಕಾರ್ಡರಿನಲ್ಲಿ, ಪ್ರೇಕ್ಷಕರಿಲ್ಲದ ವೇಳೆಯಲ್ಲಿ ಧ್ವನಿಗಳನ್ನು ಮುದ್ರಿಸಿಕೊಳ್ಳಿ. ಕೋಣೆಯಲ್ಲಿ ನುಡಿಸುವ ಸಂಗೀತಕ್ಕೆ ನೀವು ಪಡೆದ ಪರವಾನಗಿ ಆ ಸ್ಥಳಕ್ಕೆ ಮಾತ್ರ ಸೀಮಿತವಾಗಿರಬಹುದು. ಅದೇ ಸಂಗೀತ ವಿಡಿಯೊದಲ್ಲಿ ಕೇಳಿಸಿದರೆ ಜಾಲತಾಣಗಳು ವಿಡಿಯೊವನ್ನೇ ತಡೆಹಿಡಿಯುವ ಸಾಧ್ಯತೆಯಿದೆ. ಸಾಮಾಜಿಕ ಜಾಲತಾಣಗಳಲ್ಲಿ ಅನೇಕರು ಸದ್ದು ಮುಚ್ಚಿಯೇ ನೋಡುತ್ತಾರೆ ಎಂಬುದನ್ನೂ ಮರೆಯುವಂತಿಲ್ಲ. ಮೊದಲ ಕೆಲವು ಸೆಕೆಂಡುಗಳು ಮೂಕಚಿತ್ರವಾಗಿಯೂ ಹಿಡಿದು ನಿಲ್ಲಿಸಬೇಕು, ‘ಸದ್ದು ಹಾಕಿ ಕೇಳಿ’ ಎಂಬ ಅಕ್ಷರ ಅಲ್ಲೇ ಮೂಡಬೇಕು.

ಟ್ರೇಲರಿನ ವಸ್ತುವಾಗಿ ನಾನು ಆರಿಸುವುದು ದಾರಿಯನ್ನು: ಸಾಲಿನಲ್ಲಿ ನಿಂತವರು, ತೆರೆದುಕೊಳ್ಳುವ ಬಾಗಿಲು, ಉದ್ದನೆಯ ಓಣಿ, ಅದರ ತುದಿಯಲ್ಲಿ ನಿಂತಿರುವ ಯಾರದೋ ಬೆನ್ನು. ಬೆನ್ನು ತಿರುಗುವ ಮುನ್ನ ಕತ್ತರಿಸಿ. ಅದಾದ ಮೇಲೆ ಬರಬೇಕಾದದ್ದು ಹೊರಬಾಗಿಲಿನಿಂದ ಓಡಿ ಬಂದು ಏದುಸಿರು ಬಿಡುತ್ತ ನಗುವ ಜನ. ಮೂವತ್ತು ಸೆಕೆಂಡು ಸಾಕು.

ತೆರೆಮರೆಯ ವಿಡಿಯೊ ಇನ್ನೊಂದು ಬಗೆ. ಕಲಾವಿದೆಯೊಬ್ಬಳ ಹಣೆಗೆ ಲೇಟೆಕ್ಸ್ ಪದರ ಅಂಟಿಸಿ, ಅಂಚನ್ನು ಸ್ಪಂಜಿನಿಂದ ಒತ್ತಿ ಒತ್ತಿ ಚರ್ಮದಲ್ಲಿ ಕರಗಿಸುವುದನ್ನು ನೋಡುವುದೇ ಒಂದು ಸೊಗಸು. ಕಸುಬಿನ ಮೇಲೆ ಗೌರವ ಹುಟ್ಟಿಸುವ ಈ ವಿಡಿಯೊಗಳು ಹೊಸ ಕಲಾವಿದರನ್ನು ಸೆಳೆಯಲು ಬಹಳ ಒಳ್ಳೆಯವು. ಆದರೆ ಮೇಕಪ್ ಕೋಣೆಯ ಬಾಗಿಲು ದಾಟಿ ಕ್ಯಾಮೆರಾ ಸೆಟ್ಟಿನೊಳಗೆ ಬಂದರೆ, ಸ್ಪ್ರಿಂಗ್ ಎಲ್ಲಿದೆ, ಕಿಂಡಿ ಎಲ್ಲಿದೆ ಎಂಬುದೆಲ್ಲ ಕಂಡುಬಿಡುತ್ತದೆ. ಅದಕ್ಕೆ ಪ್ರದರ್ಶನದ ಅವಧಿ ಮುಗಿಯುವವರೆಗೆ ಕಾಯಿರಿ.

360 ಡಿಗ್ರಿ ವಿಡಿಯೊ ಈ ಕೆಲಸಕ್ಕೆ ಹೇಳಿಸಿದ್ದಲ್ಲ. ಎಲ್ಲ ದಿಕ್ಕನ್ನೂ ತೋರಿಸುವ ಸಾಧನದಲ್ಲಿ ಅಡಗಿಸಲು ಜಾಗವೇ ಉಳಿಯದು. ಡ್ರೋನ್ ಕೂಡ ಹಳೆಯ ಕಟ್ಟಡವೋ ವಿಶಾಲ ತೋಟವೋ ಇದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ, ರಾತ್ರಿ ಹಾರಾಟಕ್ಕೆ ಅನುಮತಿ ಬೇರೆ ಬೇಕಾಗಬಹುದು.

ಬೆಳಕು

ಕ್ಯಾಮೆರಾ ಯಾವುದು ಎಂಬುದಕ್ಕಿಂತ ಬೆಳಕು ಯಾವುದು ಎಂಬ ಆಯ್ಕೆ ದೊಡ್ಡದು. ಪ್ರೇಕ್ಷಕರು ಒಳಗಿರುವಾಗ ತೆಗೆಯುವ ಚಿತ್ರಕ್ಕೆ ಮೂರು ದಾರಿಗಳಿವೆ.

ಫ್ಲ್ಯಾಶ್ ಅಗ್ಗ, ಚಿತ್ರ ಸ್ಫುಟ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆ ಹೊತ್ತು ಮಿಂಚುವುದರಿಂದ ಎಷ್ಟೇ ವೇಗವಾಗಿ ಓಡುವವರೂ ಕದಲದೆ ನಿಂತಂತೆ ಸಿಗುತ್ತಾರೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ಕತ್ತಲು. ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಹಿಡಿಯುತ್ತದೆ, ಒಂದು ಪ್ರಖರ ಮಿಂಚು ಅದನ್ನು ಕೆಡಿಸಬಲ್ಲದು. ಫ್ಲ್ಯಾಶ್ ಬಿದ್ದವರಿಗೆ ಮುಂದಿನ ಕೋಣೆಯಲ್ಲಿ ನೀವು ಮಂದ ಬೆಳಕಿನಲ್ಲಿ ಹೊಂದಿಸಿಟ್ಟದ್ದು ಕಾಣುವುದೇ ಇಲ್ಲ, ಹಿಂದೆ ಬರುತ್ತಿರುವ ಗುಂಪಿಗೆ ಮುಂದೇನೋ ಕಾದಿದೆ ಎಂಬ ಸುಳಿವೂ ಸಿಗುತ್ತದೆ. ಫ್ಲ್ಯಾಶನ್ನೇ ಬಳಸುವುದಾದರೆ ಕೊನೆಯ ಬೆದರಿಕೆಯ ಜಾಗದಲ್ಲಿ ಇಡಿ, ಆಚೆಗೆ ಹೊರಬಾಗಿಲು ಮಾತ್ರ ಇರಲಿ. ನೆಲ ಅಲ್ಲಿ ಸಮತಟ್ಟಾಗಿರಲಿ, ಕಣ್ಣು ಕುಕ್ಕಿದವರು ಮೆಟ್ಟಿಲು ಕಾಣದೆ ಬೀಳಬಾರದು.

ಎರಡನೆಯದು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು. ಕಣ್ಣಿಗೆ ಕಾಣದು, ಸೂಕ್ತ ಕ್ಯಾಮೆರಾಕ್ಕೆ ಕಾಣುತ್ತದೆ. ಮಾಮೂಲಿ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಇರುವುದರಿಂದ, ಅದನ್ನು ತೆಗೆಸಿದ ಕ್ಯಾಮೆರಾ ಅಥವಾ ರಾತ್ರಿ ಕಣ್ಗಾವಲಿನ ಕ್ಯಾಮೆರಾ ಬೇಕು. ದೀಪ ಕೊಳ್ಳುವಾಗ ತರಂಗಾಂತರ ನೋಡಿಕೊಳ್ಳಿ. 850 ನ್ಯಾನೊಮೀಟರಿನ ದೀಪದಲ್ಲಿ ಮಸುಕಾದ ಕೆಂಪು ಚುಕ್ಕೆಗಳು ಕತ್ತಲಲ್ಲಿ ಕಣ್ಣಿಗೆ ಬೀಳುತ್ತವೆ. 940ರದ್ದರಲ್ಲಿ ಏನೂ ಕಾಣದು, ಆದರೆ ಕ್ಯಾಮೆರಾದ ಸೆನ್ಸರ್ ಅದಕ್ಕೆ ಅಷ್ಟಾಗಿ ಸ್ಪಂದಿಸದ ಕಾರಣ ಹೆಚ್ಚು ದೀಪಗಳು ಬೇಕಾಗುತ್ತವೆ. ಚಿತ್ರ ಕಪ್ಪುಬಿಳುಪಿನಲ್ಲಿ ಬರುತ್ತದೆ. ಚರ್ಮ ಮೇಣದಂತೆ ನುಣುಪಾಗಿ, ಕಣ್ಣಿನ ಪಾಪೆಗಳು ಅಗಲವಾಗಿ ಹೊಳೆಯುತ್ತ ಕಾಣುತ್ತವೆ. ನಮ್ಮ ವಿಷಯಕ್ಕೆ ಇದಕ್ಕಿಂತ ಒಪ್ಪುವ ಬಣ್ಣ ಬೇರೆ ಇಲ್ಲ. ಒಂದು ಎಚ್ಚರ ಬೇಕು: ಕಪ್ಪು ಬಟ್ಟೆಗಳ ಅನೇಕ ಬಣ್ಣಗಳು ಈ ಬೆಳಕಿನಲ್ಲಿ ತೆಳು ಬೂದಾಗಿ ಕಾಣುತ್ತವೆ. ಕರಿಬಟ್ಟೆ ತೊಟ್ಟು ಗೋಡೆಗೊರಗಿ ಅಡಗಿರುವ ಕಲಾವಿದ ವಿಡಿಯೊದಲ್ಲಿ ಬಟಾಬಯಲಾಗಿ ನಿಂತಿರುತ್ತಾನೆ. ಕ್ಯಾಮೆರಾದ ದಿಕ್ಕನ್ನು ಪ್ರೇಕ್ಷಕರ ಕಡೆಗೆ ಮಾತ್ರ ತಿರುಗಿಸಿಡಿ.

ಮೂರನೆಯದು ಕೋಣೆಯಲ್ಲಿ ಇರುವ ಬೆಳಕಿನಲ್ಲೇ ತೆಗೆಯುವುದು. ಎಫ್ 1.8 ಅಥವಾ 1.4ರಷ್ಟು ಅಗಲವಾಗಿ ತೆರೆಯುವ ಲೆನ್ಸ್, 3200 ಅಥವಾ 6400ರ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) ಇದ್ದರೂ ಓಡುವವರು ಮಸುಕಾಗುತ್ತಾರೆ. ಒಂದೊಂದು ಸಲ ಆ ಮಸುಕೇ ಚೆನ್ನ, ಬಹುತೇಕ ಸಲ ಅಲ್ಲ.

ಪ್ರತಿಕ್ರಿಯೆಯ ಫೋಟೊಗೆ ನನ್ನ ಮೊದಲ ಆಯ್ಕೆ ಅವಕೆಂಪು, ದುಡ್ಡು ಸಾಲದಿದ್ದರೆ ಕೊನೆಯ ಕೋಣೆಯ ಫ್ಲ್ಯಾಶ್.

ಪ್ರೇಕ್ಷಕರಿಲ್ಲದ ವೇಳೆ ಪೋಸ್ಟರಿಗಾಗಿ ತೆಗೆಯುವ ಚಿತ್ರಗಳ ಲೆಕ್ಕವೇ ಬೇರೆ. ಅಲ್ಲಿ ಸಮಯವಿದೆ, ಟ್ರೈಪಾಡ್ ಇದೆ. ರಕ್ತದ ವಿಷಯದಲ್ಲಿ ಹುಷಾರಾಗಿರಬೇಕು. ದೆವ್ವದ ಮನೆಯ ನೀಲಿ, ಹಸಿರು ದೀಪಗಳ ಕೆಳಗೆ ರಕ್ತದ ಬಣ್ಣ ಕೆಂಪಾಗಿ ಕಾಣುವುದಿಲ್ಲ, ಮಸಿಯಂತೆ ಕಪ್ಪಾಗಿಬಿಡುತ್ತದೆ. ಬೀಳುವ ಬೆಳಕಿನಲ್ಲಿ ಕೆಂಪು ಇದ್ದರಲ್ಲವೇ ವಸ್ತು ಕೆಂಪಾಗಿ ಕಾಣುವುದು! ನೀಲಿಯನ್ನು ಹಾಗೆಯೇ ಬಿಟ್ಟು, ಮುಖದ ಒಂದು ಪಕ್ಕಕ್ಕೆ ಮಾತ್ರ ಸಣ್ಣದೊಂದು ಬಿಳಿ ದೀಪ ಕೊಡಿ. ಕಪ್ಪು ಕಲೆಯಾಗಿದ್ದದ್ದು ಒಮ್ಮೆಲೇ ಹಸಿಗಾಯವಾಗುತ್ತದೆ. ಆದರೂ ಹಣ ಕೊಟ್ಟು ಹಾಕುವ ಜಾಹೀರಾತಿಗೆ ರಕ್ತವಿಲ್ಲದ ಪ್ರತಿಯೊಂದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ: ಗೂಗಲ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಜಾಹೀರಾತು ನಿಯಮಗಳು ಆಘಾತಕಾರಿ ದೃಶ್ಯಗಳನ್ನು ಒಪ್ಪುವುದಿಲ್ಲ.

ಹೊಗೆಯ ಯಂತ್ರವಿದ್ದರೆ ದೀಪವನ್ನು ಹೊಗೆಯ ಹಿಂದೆ ಇಡಿ. ಮುಂದಿನಿಂದ ಬೆಳಕು ಬಿದ್ದರೆ ಹೊಗೆ ಬಿಳಿ ಗೋಡೆಯಾಗಿ ನಿಲ್ಲುತ್ತದೆ, ಹಿಂದಿನಿಂದ ಬಿದ್ದರೆ ಆಕೃತಿಯೊಂದು ಅದರೊಳಗಿಂದ ಮೂಡಿಬರುತ್ತದೆ. ಯಂತ್ರ ಉಗುಳಿದ ಕೂಡಲೇ ತೆಗೆಯದೆ, ಹೊಗೆ ತೆಳುವಾಗಿ ಹರಡುವವರೆಗೆ ಕಾಯಬೇಕು.

ಅರೆಪಾರದರ್ಶಕ ದೆವ್ವಕ್ಕೆ ಕಂಪ್ಯೂಟರ್ ತಂತ್ರವೇ ಬೇಕೆಂದಿಲ್ಲ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಎಂಟು ಸೆಕೆಂಡು ಶಟರ್ ತೆರೆದಿಡಿ. ಬಿಳಿ ಸೀರೆಯೋ ನಿಲುವಂಗಿಯೋ ತೊಟ್ಟವರು ಮೊದಲ ನಾಲ್ಕು ಸೆಕೆಂಡು ಅಲುಗದೆ ನಿಂತು, ಬಳಿಕ ಸರ್ರನೆ ಪಕ್ಕಕ್ಕೆ ಸರಿಯಲಿ. ಅವರ ಮೈಯ ಮೂಲಕ ಹಿಂದಿನ ಗೋಡೆಯ ಇಟ್ಟಿಗೆಗಳು ಕಾಣುತ್ತವೆ. 1860ರ ದಶಕದಲ್ಲಿ ಬಾಸ್ಟನ್ನಿನ ವಿಲಿಯಂ ಮಮ್ಲರ್ ಎಂಬಾತ ಸತ್ತವರ ಆತ್ಮಗಳೆಂದು ಹೇಳಿ ಮಾರುತ್ತಿದ್ದ ಫೋಟೊಗಳಲ್ಲಿ ಆಕೃತಿಗಳು ಹೀಗೆಯೇ ತೆಳುವಾಗಿ ಕಾಣುತ್ತಿದ್ದವು. 1869ರಲ್ಲಿ ಅವನ ಮೇಲೆ ವಂಚನೆಯ ಮೊಕದ್ದಮೆಯೂ ನಡೆಯಿತು. ನಾವು ಆಟವೆಂದು ಹೇಳಿಯೇ ಟಿಕೆಟ್ ಮಾರುತ್ತೇವೆ, ಹಾಗಾಗಿ ಈ ವಿದ್ಯೆಯನ್ನು ನಿಶ್ಚಿಂತೆಯಿಂದ ಬಳಸಬಹುದು.

ವಿಡಿಯೊದಲ್ಲಿ ಅಡ್ಡಡ್ಡ ಪಟ್ಟೆಗಳು ಓಡುತ್ತಿದ್ದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ದೀಪದ ಮಿನುಗು. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರನ್ನು ಸೆಕೆಂಡಿನ 1/50 ಅಥವಾ 1/100 ಭಾಗಕ್ಕೆ, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120ಕ್ಕೆ ಇಟ್ಟರೆ ಹೆಚ್ಚಿನ ಪಾಲು ಸರಿಹೋಗುತ್ತದೆ. ಸ್ಲೋ ಮೋಷನ್ ಆಸೆಯಿದ್ದವರು ಬೆಳಕಿನ ಲೆಕ್ಕ ಹಾಕಿಕೊಳ್ಳಲಿ: ಸೆಕೆಂಡಿಗೆ 120 ಫ್ರೇಮ್ ತೆಗೆಯಲು ಶಟರ್ 1/240ರ ಆಸುಪಾಸಿಗೆ ಹೋಗಬೇಕು, 1/50ಕ್ಕೆ ಹೋಲಿಸಿದರೆ ಸುಮಾರು ಐದು ಪಟ್ಟು ಬೆಳಕು ಬೇಕಾಗುತ್ತದೆ.

ಮೊಬೈಲ್ ಸಾಕೇ?

ಖಾಲಿ ಓಣಿ, ಹೊರಗೋಡೆ, ಮೇಕಪ್ ಕೋಣೆ, ಸಾಲಿನ ಗದ್ದಲ ಇವಕ್ಕೆಲ್ಲ ಒಳ್ಳೆಯ ಮೊಬೈಲ್ ಧಾರಾಳವಾಗಿ ಸಾಕು. ಚಲನೆ ಇರುವ ಕತ್ತಲ ದೃಶ್ಯಕ್ಕೆ ಸಾಲದು. ಮೊಬೈಲಿನ ರಾತ್ರಿ ವಿಧಾನ ಹಲವು ಫ್ರೇಮುಗಳನ್ನು ಜೋಡಿಸಿ ಒಂದು ಚಿತ್ರ ಮಾಡುವುದರಿಂದ, ಅಷ್ಟರಲ್ಲಿ ಅಲುಗಾಡಿದ ಕಲಾವಿದನ ಮುಖ ಕಲಸಿಹೋಗುತ್ತದೆ. ಮೇಲಾಗಿ ಅದು ಕತ್ತಲನ್ನು ಬಲವಂತವಾಗಿ ಬೆಳಗಿಸುತ್ತದೆ. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕನ್ನು, ಕೈಯಾರೆ ತಗ್ಗಿಸಿಕೊಳ್ಳಬೇಕು. ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲೂ ಕತ್ತಲಲ್ಲಿ ಆಟೊಫೋಕಸ್ ತಡಕಾಡುತ್ತದೆ. ಕಲಾವಿದ ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪ್ ಅಂಟಿಸಿ, ಫೋಕಸನ್ನು ಕೈಯಿಂದಲೇ ಹೊಂದಿಸಿ ಬಿಗಿ ಮಾಡಿಬಿಡುವುದು ಲೇಸು.

ಛಾಯಾಗ್ರಾಹಕರನ್ನು ಕರೆಸುವುದಾದರೆ ಒಂದೇ ದಿನಕ್ಕೆ ಕರೆಸಿ, ಪೋಸ್ಟರ್ ಮತ್ತು ಟ್ರೇಲರ್ ಮಾಡಿಸಿ. ಕಲಾವಿದರು ಬೆವರಿ ಮೇಕಪ್ ಕರಗುವ ಮುನ್ನ, ಬಾಗಿಲು ತೆರೆಯುವುದಕ್ಕೆ ಮೊದಲೇ ಅದು ಮುಗಿಯಬೇಕು. ದಿನನಿತ್ಯದ ಚಿತ್ರಗಳಿಗೆ ನಿಮ್ಮ ಸಿಬ್ಬಂದಿಯಲ್ಲೇ ಒಬ್ಬರು ಮತ್ತು ಗೋಡೆಗೆ ಬಿಗಿದ ಒಂದು ಕ್ಯಾಮೆರಾ ಸಾಕು. ನಿಂತ ಚೌಕಟ್ಟಿನ 9:16, ಅಗಲದ 16:9 ಎರಡನ್ನೂ ಸ್ಥಳದಲ್ಲೇ ಬೇರೆಬೇರೆಯಾಗಿ ತೆಗೆಸಿ. ಮುಗಿದ ಚಿತ್ರವನ್ನು ಹೆಬ್ಬೆರಳಿನಷ್ಟು ಕಿರಿದು ಮಾಡಿ ಬಿಸಿಲಿನಲ್ಲಿ ಮೊಬೈಲಿನ ಪರದೆಯ ಮೇಲೆ ನೋಡಿ. ಮುಖ ಕಂಡು, ಸುತ್ತಲಿನ ಕತ್ತಲು ಕತ್ತಲಾಗಿಯೇ ಉಳಿದರೆ ಚಿತ್ರ ಗೆದ್ದಂತೆ.

ರಾಜಿಯಿಲ್ಲದ ಎರಡು ಮಾತು

ಮಿಂಚುವ ಸ್ಟ್ರೋಬ್ ದೀಪದ ದೃಶ್ಯವನ್ನು ವಿಡಿಯೊದಲ್ಲಿ ಹಾಗೆಯೇ ಹಾಕಬೇಡಿ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪ್ರಸಾರವಾದ ಮಕ್ಕಳ ಕಾರ್ಟೂನೊಂದರಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಬೇಕಾಯಿತು. ಜಾಲತಾಣಗಳ ಸುಗಮ ಬಳಕೆಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದು ಎನ್ನುತ್ತದೆ. ಸಂಕಲನಕಾರರಿಗೆ ಈ ಮಿತಿಯನ್ನು ಮೊದಲೇ ತಿಳಿಸಿ.

ಚಿತ್ರೀಕರಣಕ್ಕಾಗಿ ನಿಜವಾದ ಬೆಂಕಿಯನ್ನು ಒಳಗೆ ತರಬೇಡಿ. ಟ್ರೈಪಾಡ್, ವೈರುಗಳಿಂದ ಹೊರದಾರಿಯನ್ನು ಕಟ್ಟಬೇಡಿ. ಅಮೆರಿಕದ ನ್ಯೂಜೆರ್ಸಿಯ ಮನರಂಜನಾ ಉದ್ಯಾನವೊಂದರ ದೆವ್ವದ ಕೋಟೆಯಲ್ಲಿ 1984ರ ಮೇ 11ರಂದು ಬೆಂಕಿ ಹೊತ್ತಿ ಎಂಟು ಹದಿಹರೆಯದವರು ಸತ್ತರು. ಸ್ಪಂಜು, ಬಟ್ಟೆ, ಹಲಗೆಗಳಿಂದ ಕಟ್ಟಿದ ಕತ್ತಲ ಓಣಿಗಳಲ್ಲಿ ಬೆಂಕಿ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ಆ ದುರಂತ ತೋರಿಸಿಕೊಟ್ಟಿದೆ. ಮೇಣದಬತ್ತಿ ಬೇಕಿದ್ದರೆ ಎಲ್‌ಇಡಿಯದ್ದು ಇಡಿ, ಕ್ಯಾಮೆರಾಕ್ಕೆ ಎರಡರ ನಡುವಿನ ವ್ಯತ್ಯಾಸ ತಿಳಿಯದು.

ಪ್ರೇಕ್ಷಕರ ಮೊಬೈಲುಗಳು

ಒಳಗೆ ಮೊಬೈಲ್ ಬಿಟ್ಟರೆ ಖರ್ಚಿಲ್ಲದೆ ಪ್ರಚಾರ ಸಿಗುತ್ತದೆ ಎಂಬ ವಾದವಿದೆ. ಸಿಗುವುದು ಮೊಬೈಲಿನ ಟಾರ್ಚ್ ಬೆಳಕಿನಲ್ಲಿ ತೆಗೆದ, ಸೆಟ್ಟಿನ ಹುಳುಕನ್ನೆಲ್ಲ ತೋರಿಸುವ ವಿಡಿಯೊ. ಪರದೆಯ ಬೆಳಕು ಇಡೀ ಗುಂಪಿನ ಅನುಭವವನ್ನು ಕೆಡಿಸುತ್ತದೆ. ಜೊತೆಗೆ, ಪರದೆಯಲ್ಲಿ ನೋಡುತ್ತಿರುವವರು ಅರ್ಧದಷ್ಟೂ ಹೆದರುವುದಿಲ್ಲ. ಒಳಗೆ ನಿಷೇಧಿಸಿ, ಹೊರಬಾಗಿಲಿನ ಆಚೆ ಫೋಟೊ ತೆಗೆಸಿಕೊಳ್ಳಲೆಂದೇ ಒಂದು ಜಾಗ ಮಾಡಿಕೊಡುವುದು ನನ್ನ ಆಯ್ಕೆ. ಎದೆಬಡಿತ ಇನ್ನೂ ಇಳಿಯದ, ಬದುಕಿದೆವಲ್ಲ ಎಂದು ನಗುವ ಹೊತ್ತು ಅದು, ಫೋಟೊ ತೆಗೆಸಿಕೊಳ್ಳಲು ಯಾರಿಗೂ ಬಲವಂತ ಮಾಡಬೇಕಾಗುವುದಿಲ್ಲ. ಅಲ್ಲೊಂದು ಪಾತ್ರಧಾರಿಯನ್ನು ನಿಲ್ಲಿಸಿ, ಮೊಬೈಲಿಗೂ ಸಾಕಾಗುವಷ್ಟು ದೀಪ ಹಾಕಿ. ನಿಮ್ಮ ಹೆಸರಿನ ಫಲಕವನ್ನು ತಲೆಗಿಂತ ಎತ್ತರದಲ್ಲಿ ತೂಗುಹಾಕುವ ಬದಲು ಭುಜದ ಮಟ್ಟದಲ್ಲಿ, ನಿಲ್ಲುವ ಜಾಗಕ್ಕೆ ತೀರ ಹತ್ತಿರದಲ್ಲಿ ನಿಲ್ಲಿಸಿ. ಫೋಟೊವನ್ನು ಯಾವ ಅಳತೆಗೆ ಕತ್ತರಿಸಿದರೂ ಹೆಸರು ಉಳಿದುಕೊಳ್ಳುತ್ತದೆ.